ಒಂದು ಪಂದ್ಯಕ್ಕೆ ಇಳಿಸಿದ ಶಿಕ್ಷೆ

ಶಿಕ್ಷೆಯನ್ನು ಮೂರು ಪಂದ್ಯದಿಂದ ಒಂದಕ್ಕೆ ಇಳಿಸಿದ್ದು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನ ಮಗಳು ಅಡಿಲೇಡ್ ತಂಡಕ್ಕೆ ಐಸ್ ಹಾಕಿ ಆಡುತ್ತಾಳೆ. ಪಂದ್ಯಕ್ಕಿಷ್ಟು ಎಂದು ಸಂಭಾವನೆ ಕೊಡುವ ಲೀಗು. ನಾನು ಆ ತಂಡದ ಮ್ಯಾನೇಜರ್. ಪರ್ತ್‌ನ ಬೆಂಟ್ಲಿಯಲ್ಲಿ ಓದುತ್ತಾ ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಕೌಂಟರ್ ನೋಡಿಕೊಂಡು, ಆಮೇಲೆ ಹಳೇ ಕಾರು ಮಾರಿ ಮೇಲೆ ಬಂದವಳು. ಮಾತಾಡುವ ಕೆಲಸ ಬಂದರೆ ಎಲ್ಲರೂ ನನ್ನನ್ನೇ ಮುಂದೆ ತಳ್ಳುತ್ತಿದ್ದರು.

ಬ್ರಿಸ್ಬೇನ್‌ನಲ್ಲಿ ನಮ್ಮ ಡಿಫೆಂಡರ್ ಎದುರಾಳಿಯೊಬ್ಬಳನ್ನು ಹಿಂದಿನಿಂದ ಗುದ್ದಿ ರಿಂಕ್‌ನ ಐಸ್ ಅಂಗಳದ ಗೋಡೆಗೆ ಕೆಡವಿದಳು. ಈ ಆಟದಲ್ಲಿ ಅದು ದೊಡ್ಡ ತಪ್ಪು. ಏಟು ಬರುವುದೇ ಕಾಣದಿದ್ದರೆ ಕತ್ತು ಕಾಪಾಡಿಕೊಳ್ಳುವುದು ಹೇಗೆ? ವಿಚಾರಣೆ ವಿಡಿಯೊ ಕಾಲ್‌ನಲ್ಲಿ ನಡೆಯಿತು. ಅಲ್ಲೇ ಎಯ್ಟ್ ಮೈಲ್ ಪ್ಲೇನ್ಸ್ ಬಡಾವಣೆಯ ಗೆಳತಿಯ ಮನೆಯ ಊಟದ ಮೇಜಿನಲ್ಲಿ ಕೂತು ಮಾತಾಡಿದೆ. ಮೊದಲು ಕ್ಷಮಾಪಣೆ ಪತ್ರ. ಆಮೇಲೆ, ಇದು ಅವಳ ಮೊದಲ ತಪ್ಪು. ಕೊನೆಗೆ, "ಬಿದ್ದ ಹುಡುಗಿ ತಾನೇ ಎದ್ದು ಹೋದಳಲ್ಲ!" ಲೀಗಿನ ಶಿಸ್ತು ಸಮಿತಿಯ ಅಧ್ಯಕ್ಷರು ಮೂರು ಪಂದ್ಯ ಆಡುವಂತಿಲ್ಲ ಎಂದರು. ನಾನು ಬಾಯಿ ಬಿಡದೆ ಕೂತೆ. ಸುಮ್ಮನೆ ಕೂತರೆ ಎದುರಿನವರೇ ಇಳಿಯುತ್ತಾರೆ, ಇದನ್ನು ಕಲಿತುಕೊಳ್ಳಿ. ಒಂದಕ್ಕೆ ಇಳಿದರು. ಅದೇ ತಿಂಗಳು ಇನ್ನೊಂದು ತಂಡದವಳಿಗೆ ಅದಕ್ಕಿಂತ ಚಿಕ್ಕ ಏಟಿಗೆ ನಾಲ್ಕು ಪಂದ್ಯ ಬಿತ್ತು. ಅವರ ಮ್ಯಾನೇಜರಿಗೆ ಮಾತು ಬರುತ್ತಿರಲಿಲ್ಲ, ಅಷ್ಟೇ.

ಅಡಿಲೇಡಿಗೆ ಮರಳಿ, ಗ್ಲೆನೆಲ್ಗ್‌ನ ನಮ್ಮ ಮನೆಯ ಬಾಲ್ಕನಿಯಲ್ಲಿ ಬಾರ್ಬಿ, ಅಂದರೆ ಬಾರ್ಬೆಕ್ಯೂ ಒಲೆ, ಹಚ್ಚಿ ತಂಡಕ್ಕೆಲ್ಲ ಊಟ ಹಾಕಿದೆ. ಮಗಳು ತಟ್ಟೆ ಮುಟ್ಟಲಿಲ್ಲ. ನನ್ನ ಜೊತೆ ಇಂಗ್ಲಿಷಿನಲ್ಲೇ ಮಾತಾಡುವವಳು, ಸಿಟ್ಟು ಬಂದರೆ ಮಾತ್ರ ಕನ್ನಡ.

"ಆ ಬ್ರಿಸ್ಬೇನ್ ಹುಡುಗಿಗೆ ಇನ್ನೂ ತಲೆ ತಿರುಗ್ತಿದೆ ಅಮ್ಮ. ಫೋನ್ ನೋಡೋಕೂ ಆಗ್ತಿಲ್ಲ."

"ಅವರ ತಂಡದೋರು ನೋಡ್ಕೋತಾರೆ, ನೀನು ತಿನ್ನು," ಎಂದೆ.

ಐದು ವಾರದ ಮೇಲೆ ಪರ್ತ್ ತಂಡ ಅಡಿಲೇಡಿಗೆ ಬಂತು. ಅವರ ಡಿಫೆಂಡರ್ ನನ್ನ ಮಗಳನ್ನೇ ಹಿಂದಿನಿಂದ ಗುದ್ದಿದಳು. ಹೆಲ್ಮೆಟ್ ಗೋಡೆಗೆ ಬಡಿದ ಸದ್ದು ಗ್ಯಾಲರಿಯವರೆಗೆ ಕೇಳಿತು. ಎದ್ದಳು, ಬೆಂಚಿಗೆ ಹೋದಳು, ಅಲ್ಲಿ ವಾಂತಿ ಮಾಡಿಕೊಂಡಳು. ಮೂರು ವಾರ ಪರದೆ ಎಳೆದ ಕೋಣೆಯಲ್ಲಿ ಮಲಗಿದ್ದಳು.

ವಿಚಾರಣೆಯಲ್ಲಿ ಡಾಕ್ಟರ್ ಪತ್ರ, ವಿಡಿಯೊ ಎಲ್ಲ ಮುಂದಿಟ್ಟು ಆರು ಪಂದ್ಯ ಕೇಳಿದೆ. ನಾಲ್ಕಕ್ಕಾದರೂ ನಿಲ್ಲಲಿ ಅಂತ. ಪರ್ತ್‌ನ ಮ್ಯಾನೇಜರ್ ವಾದವನ್ನೇ ಮಾಡಲಿಲ್ಲ. ಬ್ರಿಸ್ಬೇನ್ ವಿಚಾರಣೆಯ ಟಿಪ್ಪಣಿ ತೆಗೆದು ನನ್ನ ಮಾತುಗಳನ್ನೇ ಒಂದೊಂದಾಗಿ ಓದಿದ. "ತಾನೇ ಎದ್ದು ಹೋದಳಲ್ಲ" ಎಂಬುದನ್ನೂ ಓದಿದ.

"ಆವತ್ತು ಒಪ್ಪಿದ್ದನ್ನು ಇವತ್ತು ಹೇಗೆ ತಳ್ಳಿಹಾಕೋಣ?" ಎಂದರು ಅಧ್ಯಕ್ಷರು. ಒಂದು ಪಂದ್ಯ.

ಮಗಳು ಆಡಬಹುದು ಎಂದು ಡಾಕ್ಟರ್ ಹೇಳಿದ ವಾರವೇ ಪರ್ತ್‌ನಲ್ಲಿ ಪಂದ್ಯವಿತ್ತು. ಆ ಡಿಫೆಂಡರ್‌ನ ಶಿಕ್ಷೆ ಅಷ್ಟರಲ್ಲಿ ಮುಗಿದೇ ಹೋಗಿತ್ತು.

"ಇದೊಂದು ಬಿಟ್ಬಿಡೇ. ಕತ್ತು ನೋವು ಅಂತ ನಾನು ಹೇಳ್ತೀನಿ," ಎಂದೆ.

"ಅದಕ್ಕೂ ಡೀಲ್ ಮಾಡ್ತೀಯಾ?"

"ಮತ್ತೇನು ಮಾಡ್ಲಿ, ಹೇಳು."

"ಬ್ರಿಸ್ಬೇನ್‌ನಲ್ಲಿ ನೀನು ಹೇಳಿದ್ದು ತಪ್ಪು ಅಂತ ಲೀಗಿಗೆ ಬರಿ."

ಬರೆದರೆ ನಮ್ಮ ಡಿಫೆಂಡರಿಗೆ ಇನ್ನೆರಡು ಪಂದ್ಯ ಬೀಳಬಹುದಿತ್ತು. ಎರಡು ದಿನ ಕಾರಣವಿಲ್ಲದೆ ಟ್ರಾಮ್ ಹತ್ತಿ ಸಿಟಿಗೆ ಹೋದೆ, ಬಂದೆ. ಮೂರನೆಯ ದಿನ ಬರೆದೆ: ಎದ್ದು ಹೋದಳು ಅಂದರೆ ಪೆಟ್ಟಾಗಿಲ್ಲ ಅಂತಲ್ಲ. ಹಿಂದಿನಿಂದ ಗುದ್ದಿದರೆ ಇಷ್ಟು ಪಂದ್ಯ ಎಂದು ಗೊತ್ತುಮಾಡಿಬಿಡಿ, ನನ್ನಂಥವರ ಬಾಯಿಗೆ ಬಿಡಬೇಡಿ. ಮುಂದಿನ ಸೀಸನ್ನಿಗೆ ಯೋಚಿಸೋಣ ಎಂದು ಉತ್ತರ ಬಂತು. ನಮ್ಮ ಡಿಫೆಂಡರ್ ನನ್ನ ಜೊತೆ ಮಾತು ಬಿಟ್ಟಳು.

ಪರ್ತ್‌ನಲ್ಲಿ ಮಗಳು ಐಸಿಗೆ ಇಳಿದಳು. ಪಕ್ ಬಿಲ್ಲೆಯನ್ನು ಕೋಲಿನಲ್ಲಿ ಹಿಡಿದು ಅವಳು ಮೂಲೆಗೆ ಹೋದಾಗಲೆಲ್ಲ ರಿಂಕ್ ಸುತ್ತಲಿನ ಗಾಜಿಗೆ ಮುಖ ಒತ್ತಿ, "ಹಿಂದೆ ನೋಡೇ, ಹಿಂದೆ!" ಎಂದು ಕಿರುಚಿದೆ. ಪ್ರತಿ ಸಲವೂ ತಿರುಗಿ ನೋಡಿದಳು. ಆಟದ ಮೂರು ಪೀರಿಯಡ್‌ಗಳಲ್ಲಿ ಇನ್ನೂ ಒಂದು ಬಾಕಿ ಇತ್ತು. ನನಗೆ ಕೂರಲು ಆಗಲಿಲ್ಲ.