ವಿಭೂತಿ ಹತ್ತದ ಬಾನೆಟ್ಟು

ಕಪ್ಪು ಬಣ್ಣದ ಗಾಡಿ ಕೊಳ್ಳಬಾರದು ಎಂಬುದು ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತಿರಬೇಕು. ನಾನು ಇಲ್ಲಿಯೇ ಹುಟ್ಟಿ ಬೆಳೆದವಳು, ಆದರೂ ಕಪ್ಪನ್ನೇ ಕೊಂಡೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರಿಗೆ ಬಣ್ಣ ಆರಿಸುವ ಭಾಗ್ಯ ಎಲ್ಲಿಂದ ಬರಬೇಕು? ಅವ್ವನ ಎರಡೂ ಕಿಡ್ನಿ ಕೈಕೊಟ್ಟು, ವಾರಕ್ಕೆ ಎರಡು ಸಲ ಡಯಾಲಿಸಿಸ್ಸಿಗೆ ವಿಜಯಪುರಕ್ಕೆ ಕರೆದೊಯ್ಯಬೇಕು ಎಂದಾಗ, ಬಸ್ಸಿನಲ್ಲಿ ಇದು ಆಗುವ ಹೋಗುವ ಮಾತಲ್ಲ ಎಂದು ಮೊದಲು ಸಿಕ್ಕ ಗಾಡಿಯನ್ನು ಮನೆಗೆ ತಂದೆ. ಮನೆಯಲ್ಲಿ ನಾವಿಬ್ಬರೇ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ನಾನು ಮದುವೆಯ ಗೋಜಿಗೆ ಹೋದವಳಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಡಯಾಲಿಸಿಸ್ ಇದ್ದ ದಿನ ರಜೆ ಹಾಕುತ್ತೇನೆ, ಮಿಕ್ಕ ದಿನ ಸಾಲೆಯಲ್ಲಿ ಕೂತು ಆಕಳಿಸುತ್ತೇನೆ.

ಮನಗೂಳಿ ದಾಟಿ ಹೋಗುವ ಆ ದಾರಿ ನನಗೆ ಬಾಯಿಪಾಠವಾಗಿದೆ. ಎಲ್ಲಿ ತಗ್ಗು, ಎಲ್ಲಿ ಕಬ್ಬಿನ ಟ್ರ್ಯಾಕ್ಟರು ಅಡ್ಡ ಬರುತ್ತದೆ, ಎಲ್ಲಿ ಅವ್ವನಿಗೆ ಹೊಟ್ಟೆ ತೊಳಸುತ್ತದೆ ಎಲ್ಲವೂ ಗೊತ್ತು. ಹೋಗಿ ಬರುವಷ್ಟರಲ್ಲಿ ಗಾಡಿಯ ಮೇಲೆ ಎರೆಮಣ್ಣಿನ ಧೂಳು ಬೆರಳಲ್ಲಿ ಹೆಸರು ಬರೆಯುವಷ್ಟು ಕೂತಿರುತ್ತದೆ. ಧೂಳಿದ್ದರೆ ಇರಲಿ ಎಂದು ಬಿಡುವ ಜಾತಿಯವಳು ನಾನು. ಆದರೆ ಅವ್ವ ಬಿಡಬೇಕಲ್ಲ.

ಅವ್ವನ ಪದ್ಧತಿ ಹೀಗೆ. ಆಸ್ಪತ್ರೆಗೆ ಹೊರಡುವ ಮುಂಜಾನೆ ಪೂಜೆ ಮುಗಿಸಿ, ತನ್ನ ಹಣೆಗೆ ವಿಭೂತಿ ಧರಿಸಿ, ಅದೇ ವಿಭೂತಿ ಗಟ್ಟಿಯನ್ನು ಒದ್ದೆ ಬೆರಳಿಂದ ತೇಯುತ್ತ ಅಂಗಳಕ್ಕೆ ಬರುತ್ತಾಳೆ. ಬಾನೆಟ್ಟಿನ ನಡುವೆ ಮೂರು ಬೆರಳು ಅಗಲಕ್ಕೆ ಎಳೆಯುತ್ತಾಳೆ. ಆಮೇಲೆಯೇ ಗಾಡಿ ಹತ್ತುವುದು. ಅದಕ್ಕೂ ಮೊದಲು ಗಾಡಿ ತೊಳೆದಿರಬೇಕು. ಒಂದು ದಿನ ಎದ್ದದ್ದು ತಡವಾಗಿ, ತೊಳೆಯದೆ ಹೊರಟಿದ್ದೆ. ಅವ್ವ ಬೆರಳು ಮೇಲೆತ್ತಿಕೊಂಡು ನಿಂತಳು.

"ಹೊಲಸ ಹಣಿಗೆ ಯಾರರ ವಿಭೂತಿ ಹಚ್ತಾರೇನ? ಮೊದಲ ಅದರ ಮಾರಿ ತೊಳಿ" ಎಂದಳು.

ಹೀಗೆ ಹೊತ್ತು ಹುಟ್ಟುವ ಮೊದಲೇ ಎದ್ದು ಗಾಡಿಯ ಮಾರಿ ತೊಳೆಯುವುದು ನನ್ನ ಪಾಲಿಗೆ ಬಂತು. ನಮ್ಮ ಬೋರಿನ ನೀರೋ ಸವುಳು. ಹನಿ ಆರಿದಲ್ಲೆಲ್ಲ ಬಿಳಿ ಚುಕ್ಕೆ. ತೊಳೆದ ಮೇಲೆ ಒರೆಸಬೇಕು, ಒರೆಸಿದ ಮೇಲೆ ಮತ್ತೆ ಒರೆಸಬೇಕು. ಅಷ್ಟಾದರೂ ಕಪ್ಪು ಗಾಡಿಗೆ ತೊನ್ನು ಹತ್ತಿದ ಹಾಗೆ ಕಾಣುತ್ತಿತ್ತು. ಆ ಚುಕ್ಕೆಗಳನ್ನು ನೋಡಿದರೆ ನನಗೆ ಅಳು ಬರುತ್ತಿತ್ತು. ಗಾಡಿಯ ಮೇಲಿನ ಪ್ರೀತಿಗಲ್ಲ, ಸುಸ್ತಿಗೆ.

ಅವ್ವನನ್ನು ಡಯಾಲಿಸಿಸ್ ಮಂಚಕ್ಕೆ ಮಲಗಿಸಿದ ಮೇಲೆ ನಾಲ್ಕು ತಾಸು ನನಗೆ ಕೆಲಸವಿರುವುದಿಲ್ಲ. ಅಂಥ ಒಂದು ದಿನ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಗಾಡಿಯ ಸಾಮಾನು ಮಾರುವ ಅಂಗಡಿಗೆ ಹೋದೆ. ಅಂಗಡಿಯವನು ಹೊರಗೆ ಬಂದು ಬಾನೆಟ್ಟಿನ ಮೇಲೆ ಕೈಯಾಡಿಸಿ, ಡಾಕ್ಟರ ಹಾಗೆ ಮುಖ ಸಣ್ಣದು ಮಾಡಿದ.

"ಮೇಡಂರ, ಇಂಡಿ, ಸಿಂದಗಿ, ಮುದ್ದೇಬಿಹಾಳ ಎಲ್ಲಾ ಕಡಿಂದ ಗಾಡಿ ಬರ್ತಾವ್ರಿ ನಮ್ಮಲ್ಲಿಗಿ. ಎಲ್ಲಾವೂ ಸವುಳ ನೀರಿಂದ ಹಿಂಗ ಆಗ್ಯಾವ. ಪೂರಾ ಸೆರಾಮಿಕ್ ಕೋಟಿಂಗ್ ಮಾಡಸ್ರಿ, ಪೇಂಟಿನ ಮ್ಯಾಲ ಗಾಜಿನಂಥಾ ಪದರ ಕುಂದ್ರತೈತಿ. ಮೂರ ದಿನಾ ಗಾಡಿ ಇಲ್ಲೇ ಬಿಡ್ಬೇಕಾಗತೈತಿ, ಅಷ್ಟ."

ಮೂರು ದಿನ ಗಾಡಿ ಬಿಟ್ಟು, ನಡುವೆ ಅವ್ವನಿಗೆ ಏನಾದರೂ ಆದರೆ ಹೆಗಲ ಮೇಲೆ ಹೊತ್ತು ತರಲೇನು ಎಂದು ಬಾಯಿಗೆ ಬಂದಿತ್ತು, ನುಂಗಿದೆ. ಆಗುವುದಿಲ್ಲ ಎಂದಷ್ಟೇ ಹೇಳಿದೆ. ಅವನು ಒಳಗಿನಿಂದ ಒಂದು ಸ್ಪ್ರೇ ಬಾಟಲಿ ತಂದ.

"ಹಂಗಾರ ಇದನ್ನ ಒಯ್ರಿ. ಇದೂ ಸೆರಾಮಿಕ್ಕ. ಕೋಟಿಂಗ್ ಇಲ್ಲದ ಬರೇ ಪೇಂಟಿನ ಮ್ಯಾಲೂ ನಡೀತೈತಿ, ಮನ್ಯಾಗ ನೀವ ಹೊಡಕೋಬಹುದು. ಮೂರ್ನಾಕ ತಿಂಗಳ ತಡೀತೈತಿ. ನೀರ ನಿಂದ್ರಾಂಗಿಲ್ಲ, ಧೂಳ ಹತ್ತಾಂಗಿಲ್ಲ, ಏನೂ ಹತ್ತಾಂಗಿಲ್ಲ ನೋಡ್ರಿ."

ಧೂಳು ಹತ್ತದಿದ್ದರೆ ತೊಳೆಯುವ ಕೆಲಸ ಅರ್ಧ ತಪ್ಪಿತು. ವಾರಕ್ಕೆ ಎರಡು ಮುಂಜಾನೆ ಅರ್ಧ ತಾಸು ಹೆಚ್ಚು ನಿದ್ದೆ. ಮನುಷ್ಯ ದಣಿದಾಗ ಅರ್ಧ ತಾಸಿನ ನಿದ್ದೆಗೆ ಏನನ್ನು ಬೇಕಾದರೂ ಕೊಳ್ಳುತ್ತಾನೆ.

ರವಿವಾರ ಮಧ್ಯಾಹ್ನ ಗಾಡಿಯನ್ನು ತಗಡಿನ ಶೆಡ್ಡಿನ ನೆರಳಿಗೆ ಹಾಕಿದೆ. ನಳದಲ್ಲಿ ಹೊಳೆ ನೀರು ಬಂದ ದಿನ ಅದು. ಸವುಳು ನೀರು ಮುಟ್ಟಿಸದೆ ಹೊಳೆ ನೀರಲ್ಲೇ ತೊಳೆದು, ಒರೆಸಿ, ತಣ್ಣಗಾಗಲು ಬಿಟ್ಟೆ. ಬಿಸಿ ತಗಡಿನ ಮೇಲೆ ಹೊಡೆಯಬಾರದು ಎಂದು ಬಾಟಲಿಯ ಮೇಲೆ ಬರೆದಿತ್ತು. ಒಂದೊಂದೇ ಭಾಗ ಹಿಡಿದು, ಸ್ಪ್ರೇ ಹೊಡೆದು, ಮೆತ್ತನೆ ಬಟ್ಟೆಯಿಂದ ತಿಕ್ಕಿ, ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಬೇಕು. ತಡ ಮಾಡಿದರೆ ಎಣ್ಣೆ ಬಿದ್ದ ನೀರಿನ ಹಾಗೆ ಬಣ್ಣಬಣ್ಣದ ಗೆರೆ ನಿಲ್ಲುತ್ತದೆ. ಮೇಲ್ಛಾವಣಿಯ ಮೇಲೆ ನನ್ನದು ಹಾಗೆಯೇ ಆಯಿತು. ಮೇಲೆ ಯಾರು ಹತ್ತಿ ನೋಡುತ್ತಾರೆ ಎಂದು ಬಿಟ್ಟೆ.

ಅವ್ವ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು.

"ಏನ ಹೊಡ್ಯಾಕತ್ತೀಬೇ ಅದು?"

"ಔಷಧ. ಇದನ್ನ ಹೊಡದ್ರ ಪದೇ ಪದೇ ತೊಳಿಯೂದ ಬ್ಯಾಡ."

"ಹಂಗಾರ ನನಗೂ ಒಂದಿಷ್ಟ ಹೊಡಿ. ವಾರದಾಗ ಎರಡ ಸಲ ನನ್ನ ರಕ್ತ ತೊಳಸೂದರ ತಪ್ಪತೈತಿ."

ಇಬ್ಬರೂ ನಕ್ಕೆವು. ಬಹಳ ದಿನಗಳ ಮೇಲೆ ನಕ್ಕಿದ್ದೆವು. ಸಂಜೆಗೆ ಗಾಡಿ ಕನ್ನಡಿಯಂತಾಗಿತ್ತು. ಹಿಂದಿನ ವಿಭೂತಿ ತಿಕ್ಕಿ ತಿಕ್ಕಿ ಬಾನೆಟ್ಟಿನ ಮೇಲೆ ಮಂಕಾಗಿ ಉಳಿದಿದ್ದ ಗೆರೆಗಳೂ ಹೊಳಪಿನಲ್ಲಿ ಮುಚ್ಚಿಹೋಗಿದ್ದವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನನ್ನನ್ನೇ ಆಡಿಕೊಂಡರೂ ಒಳಗೆ ಹಿಗ್ಗಾಗಿತ್ತು.

ಸೋಮವಾರ ಮುಂಜಾನೆ ಒಣ ಬಟ್ಟೆಯಿಂದ ಒಂದು ಸಲ ಒರೆಸಿದ್ದಷ್ಟೇ. ನಿಜವಾಗಿಯೂ ಅರ್ಧ ತಾಸು ಹೆಚ್ಚು ಮಲಗಿದ್ದೆ. ಅವ್ವ ವಿಭೂತಿ ತೇಯುತ್ತ ಬಂದಳು, ಬಾನೆಟ್ಟಿನ ಮೇಲೆ ಮೂರು ಬೆರಳು ಎಳೆದಳು. ಗೆರೆ ನಿಲ್ಲಲಿಲ್ಲ. ಕಾದ ಹಂಚಿಗೆ ಚಿಮುಕಿಸಿದ ನೀರಿನ ಹಾಗೆ ಬಿಳಿ ಹನಿಗಳಾಗಿ ಕೂಡಿ, ಉರುಳಿ, ನಂಬರ್ ಪ್ಲೇಟಿನ ಕಡೆಗೆ ಇಳಿದುಹೋಯಿತು. ಮತ್ತೆ ಎಳೆದಳು. ಮತ್ತೆ ಇಳಿಯಿತು. ಅವ್ವ ತನ್ನ ಬೆರಳು ನೋಡಿಕೊಂಡಳು, ನನ್ನ ಮುಖ ನೋಡಿದಳು.

"ಹತ್ತವಲ್ದಲ್ಲ" ಎಂದಳು.

"ಆ ಔಷಧದ ಸಲುವಾಗಿ ಹಂಗ ಆಗತೈತಿ. ಬಾರಬೇ, ಟೈಮ್ ಆತು."

"ನಿಮ್ಮಪ್ಪಗೂ ಕಡೀ ದಿನಾ ಹಣಿಗೆ ವಿಭೂತಿ ಹತ್ತಲಿಲ್ಲ. ನಾ ಹಚ್ಚೇ ಹಚ್ಚಿದೆ. ಹತ್ತಲಿಲ್ಲ."

ಅದು ನನಗೂ ನೆನಪಿತ್ತು. ಅಪ್ಪನ ಹಣೆಯ ಮೇಲೆ ತಣ್ಣನೆಯ ಬೆವರು ಒಡೆಯುತ್ತಿತ್ತು, ಹಚ್ಚಿದ್ದೆಲ್ಲ ಹರಿದು ಕಣ್ಣಿಗೆ ಇಳಿಯುತ್ತಿತ್ತು. ಸಂಜೆಗೆ ಅಪ್ಪ ಹೋಗಿದ್ದ. ಆದರೆ ಅದು ಬೆವರು, ಇದು ಬಾಟಲಿಯ ಔಷಧ. ಗಣಿತ ಕಲಿಸುವವಳಿಗೆ ಇಷ್ಟು ಸಾಧಿಸಲು ಬರುವುದಿಲ್ಲವೇ ಎಂದು ಅಂಗಳದಲ್ಲೇ ಪಾಠ ಶುರುಮಾಡಿದೆ. ನೀರು ತಂದು ಸುರಿದು ತೋರಿಸಿದೆ, ನೀರೂ ನಿಲ್ಲುವುದಿಲ್ಲ ನೋಡು ಎಂದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

"ನಾ ಈ ಗಾಡ್ಯಾಗ ಬರಾಂಗಿಲ್ಲ" ಎಂದು ಒಳಗೆ ಹೋಗಿ ಮಲಗಿಬಿಟ್ಟಳು. ಬೇರೆ ಗಾಡಿ ಬಾಡಿಗೆಗೆ ತರುತ್ತೇನೆಂದೆ. ಅದಕ್ಕೂ ಒಲ್ಲೆ ಎಂದಳು. ಕೈ ಹಿಡಿದು ಎಬ್ಬಿಸಲು ಹೋದೆ, ಕೈ ಕೊಸರಿಕೊಂಡಳು. ಡಯಾಲಿಸಿಸ್ಸಿನ ಸೂಜಿಗೆಂದು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ ಕೈ ಅದು, ಅದನ್ನು ಹಿಡಿದು ಜಗ್ಗುವಂತಿರಲಿಲ್ಲ.

ಆಸ್ಪತ್ರೆಯ ನರ್ಸಮ್ಮ ಫೋನ್ ಮಾಡಿದಳು. ಏನೆಂದು ಹೇಳಲಿ? ಬಾನೆಟ್ಟಿಗೆ ವಿಭೂತಿ ಹತ್ತಲಿಲ್ಲ ಎಂದು ಹೇಳಿದರೆ ನನ್ನನ್ನೇ ಮೊದಲು ಮಲಗಿಸಿಕೊಳ್ಳುತ್ತಿದ್ದರು. ಅವ್ವನಿಗೆ ಮನಸ್ಸಿಲ್ಲ ಎಂದೆ.

"ಹಂಗ ಬಿಡಬ್ಯಾಡ್ರಿ ಟೀಚರ್ರ. ನೀರ ಕಡಿಮಿ ಕೊಡ್ರಿ. ನಾಳಿಗೆ ಜಾಗಾ ಮಾಡಿ ಕೊಡ್ತೇನಿ, ಕರಕೊಂಡ ಬರ್ರಿ. ಇಲ್ಲಾಂದ್ರ ದಮ್ಮ ಹತ್ತತೈತಿ, ಆಮ್ಯಾಲ ನಮ್ಮ ಕೈಯಾಗೂ ಇರಾಂಗಿಲ್ಲ."

ಮಂಗಳವಾರವೂ ಅವ್ವ ಬರಲಿಲ್ಲ. ವಿಭೂತಿ ಹತ್ತಲಿಲ್ಲ, ದಮ್ಮು ಹತ್ತಿತು. ಬುಧವಾರ ಬೆಳಗಾಗುವ ಹೊತ್ತಿಗೆ ಅವ್ವನ ಪಾದ ಊದಿ ಬೆರಳು ಒತ್ತಿದರೆ ತಗ್ಗು ಬೀಳುತ್ತಿತ್ತು. ಮಲಗಲು ಆಗದೆ ಗೋಡೆಗೆ ದಿಂಬು ಆನಿಸಿ ಕೂತೇ ಇದ್ದಳು. ಒಂದು ಮಾತಿಗೆ ಎರಡು ಸಲ ಉಸಿರು ಎಳೆದುಕೊಳ್ಳುತ್ತಿದ್ದಳು. ಇನ್ನೊಂದು ದಿನ ಹೀಗೆ ಬಿಟ್ಟರೆ ಏನಾಗುತ್ತದೆ ಎಂದು ಹೇಳಲು ನರ್ಸಮ್ಮ ಬೇಕಿರಲಿಲ್ಲ.

ನಾನು ಅಂಗಳಕ್ಕೆ ಬಂದು ಆ ಹಾಳು ಹೊಳಪನ್ನು ಕಿತ್ತು ತೆಗೆಯಲು ನಿಂತೆ. ಪಾತ್ರೆ ತಿಕ್ಕುವ ಸೋಪು ಹಚ್ಚಿ ತಿಕ್ಕಿದೆ, ಹೋಗಲಿಲ್ಲ. ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದೆ, ತುಸು ಮಂಕಾಯಿತು. ಕೊನೆಗೆ ಒಲೆಯ ಬೂದಿ ಹಾಕಿ ತೆಂಗಿನ ನಾರಿನಿಂದ ಉಜ್ಜಿದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎಂಬಂತೆ, ಬಾನೆಟ್ಟಿನ ನಡುವೆ ರೊಟ್ಟಿಯಷ್ಟಗಲ ಬಣ್ಣ ಸುಲಿದು ಬೂದುಗಟ್ಟಿತು. ಅದರ ಸುತ್ತ ಗಾಡಿ ಕನ್ನಡಿಯ ಹಾಗೆ ಹೊಳೆಯುತ್ತಲೇ ಇತ್ತು. ವಿಭೂತಿ ತೇದು ಆ ಜಾಗಕ್ಕೆ ಎಳೆದು ನೋಡಿದೆ. ಮೂರು ಗೆರೆ ನೆಟ್ಟಗೆ ನಿಂತವು.

ಅವ್ವನನ್ನು ಮೆಲ್ಲಗೆ ನಡೆಸಿಕೊಂಡು ಬಂದು ಕಟ್ಟೆಯ ಮೇಲೆ ಕೂರಿಸಿದೆ.

"ನೋಡು. ಹತ್ತೇತಿ."

ಅವ್ವ ಬಹಳ ಹೊತ್ತು ನೋಡಿದಳು. "ನೀ ಹತ್ತಿಸೀದಿ" ಎಂದಳು. ಉಸಿರು ಎಳೆದುಕೊಂಡಳು. "ಅದು ತಾನ ಹತ್ತಬೇಕ."

ನನ್ನ ತಲೆ ಕೆಟ್ಟಿತು. ಕೈಯಲ್ಲಿದ್ದ ನಾರನ್ನು ಅಂಗಳಕ್ಕೆ ಎಸೆದೆ. ಇಷ್ಟು ದಿನ ಹಲ್ಲು ಕಚ್ಚಿ ಹಿಡಿದದ್ದೆಲ್ಲ ಒಮ್ಮೆಗೇ ಹೊರಗೆ ಬಂತು.

"ಸಾಕಾಗೇತಿ ನನಗ! ನಿನ್ನ ವಿಭೂತಿ ಸಾಕಾಗೇತಿ, ಈ ಗಾಡಿ ಸಾಕಾಗೇತಿ, ಆ ಬಿಜಾಪುರದ ದಾರಿ ಸಾಕಾಗೇತಿ. ಎಷ್ಟ ಅಂತ ಮಾಡ್ಲಿ ನಾ? ನಾ ಏನ್ ಕಲ್ಲೇನ?"

ಬಾಜು ಮನೆಯವರು ಕಿಟಕಿ ತೆರೆದದ್ದು ಕಾಣಿಸಿತು. ತೆರೆದರೆ ತೆರೆಯಲಿ ಎನಿಸಿತು. ಅವ್ವನಿಗೆ ಸಿಟ್ಟು ಬರಬಹುದು, ಅಳಬಹುದು ಎಂದುಕೊಂಡಿದ್ದೆ. ಅವಳು ಎರಡೂ ಮಾಡಲಿಲ್ಲ. ಪಕ್ಕದ ಜಾಗವನ್ನು ಕೈಯಿಂದ ತಟ್ಟಿದಳು. ಹೋಗಿ ಕೂತೆ.

"ನನಗೂ ಸಾಕಾಗೇತಿ ಮಗಳ" ಎಂದಳು. "ಆ ಸೂಜಿ, ಆ ಥಂಡಿ, ಮನಿಗೆ ಬಂದ ಮ್ಯಾಲ ಆ ವಾಂತಿ. ವಿಭೂತಿ ಹತ್ತಲಿಲ್ಲಲಾ, ನನಗ ಹೆದರಿಕಿ ಆಗಲಿಲ್ಲ. ಬಿಡುಗಡಿ ಸಿಕ್ಕತು ಅನಸ್ತು. ಆದ್ರ ನೀ ಒಂದ ದಿನಾನೂ ಸಾಕು ಅಂದಾಕಿ ಅಲ್ಲ. ನೀ ಅನ್ನದ ನಾ ಹೆಂಗ ಅನ್ಲಿ?"

ಮೂರು ದಿನ ನಾನು ಜಗಳವಾಡಿದ್ದು ಶಕುನದ ಜೊತೆಗಲ್ಲ ಎಂದು ಆಗ ತಿಳಿಯಿತು. ಅವ್ವ ಈ ಲೋಕ ಬಿಟ್ಟು ಹೊರಡಲು ಒಂದು ನೆಪ ಹುಡುಕುತ್ತಿದ್ದಳು. ಆ ನೆಪವನ್ನು ಬಾಟಲಿಯಲ್ಲಿ ತಂದು ಅವಳ ಕೈಗೆ ಕೊಟ್ಟವಳು ನಾನೇ. ನನಗೆ ಭಯವಾಯಿತು. ಅಪ್ಪ ಹೋದಾಗಲೂ ಅಷ್ಟು ಭಯವಾಗಿರಲಿಲ್ಲ.

"ಈಗ ಅಂದೀದಿ" ಎಂದಳು ಅವ್ವ. ಮಾತಿನ ನಡುವೆ ನಿಂತು, ಬಾಯಿ ತೆರೆದು ಉಸಿರು ತಗೊಂಡು, ಮತ್ತೆ ಶುರುಮಾಡಿದಳು. "ಇಬ್ಬರಿಗೂ ಸಾಕಾಗೇತಿ ಅಂದ್ರ ಮುಗೀತು. ಬ್ಯಾಡ ಯವ್ವಾ, ಇನ್ನ ಹೋಗೂದ ಬ್ಯಾಡ ಅಂತ ಒಂದ ಮಾತ ಅನ್ನು. ನೀ ಅಂದ್ರ ನಾ ಇವತ್ತಿಗೆ ಬಿಡ್ತೇನಿ. ಮನಸ್ಸಿಗೆ ಹಚ್ಕೋಬ್ಯಾಡ, ನಾನ ಹೇಳಾಕತ್ತೇನಿ."

ಅವಳು ನನ್ನ ಬಾಯಿಯನ್ನೇ ನೋಡುತ್ತ ಕೂತಳು. ಸುಳ್ಳು ಹೇಳುವುದಿಲ್ಲ, ಆ ಒಂದು ಕ್ಷಣದಲ್ಲಿ ನಾನು ದಾರಿಯಿಲ್ಲದ ಮುಂಜಾನೆಗಳನ್ನೂ ಹೊದ್ದು ಮಲಗುವ ಸೋಮವಾರಗಳನ್ನೂ ಕಂಡೆ. ಅನ್ನಲು ಬಾಯಿ ತೆರೆದೆ. ಅನ್ನದೆ ಎದ್ದು, ಸೆರಗಿನಿಂದ ಕೈಯ ಬೂದಿ ಒರೆಸಿಕೊಂಡು, ಗಾಡಿಯ ಬಾಗಿಲು ತೆರೆದು ನಿಂತೆ.

ಅವ್ವ ಕಟ್ಟೆಗೆ ಕೈಯೂರಿ ತಾನೇ ಎದ್ದಳು. ಬಾನೆಟ್ಟಿನ ಕಡೆಗೆ ತಿರುಗಿಯೂ ನೋಡಲಿಲ್ಲ. ನನ್ನ ಭುಜ ಹಿಡಿದು ಒಳಗೆ ಕೂತು, ಕಾಲು ಎತ್ತಿ ಇಡುವಾಗ ಮೆಲ್ಲಗೆ ಅಂದಳು:

"ನಿನಗಿನ್ನಾ ಸಾಕಾಗಿಲ್ಲ ಬಿಡು."