ಎರರ್ ಬಾರದ ಮುರಳಿಮೋಹನ್

ಬೈರಕೂರು ಕಡೆಯ ಒಂದು ಖಾಸಗಿ ಹಾಲಿನ ಡೈರಿಯಲ್ಲಿ ಮುರಳಿಮೋಹನನೇ ಕಂಪ್ಯೂಟರು, ಕಂಪ್ಯೂಟರೇ ಮುರಳಿಮೋಹನ. ತನ್ನ ಪ್ರೋಗ್ರಾಂನಲ್ಲಿ ಎರರ್ ಬರುವುದಿಲ್ಲ ಎಂದು ಅವನು ಟೀ ಅಂಗಡಿಯಲ್ಲೂ ಹೇಳುತ್ತಿದ್ದ. ಕೇಳದವರಿಗೂ ಹೇಳುತ್ತಿದ್ದ.

ಹೋದ ವರ್ಷ ಡೈರಿಯ ಮ್ಯಾನೇಜರ್ ಶೋಭಾರಾಣಿ ಅವನಿಗೊಂದು ಕೆಲಸ ಒಪ್ಪಿಸಿದರು. ಹಸುಗಳಿಗೆ ಗಬ್ಬದ ಸೂಜಿ ಹಾಕಿಸಿದ ತಾರೀಖು ಡೇಟಾಬೇಸಿನಲ್ಲಿತ್ತು. ಅದನ್ನು ಓದಿ, ಕರು ಹಾಕುವ ದಿನ ಲೆಕ್ಕ ಹಾಕಿ, ರೈತರಿಗೆ ಮೊದಲೇ ಮೆಸೇಜು ಕಳಿಸಬೇಕು. ಮುರಳಿ ಇಂಟರ್‌ನೆಟ್ಟಿನಿಂದ ಕೋಡ್ ಎತ್ತಿಕೊಂಡು ಅಂಟಿಸಿದ. ಆ ಕೋಡು ಅಮೆರಿಕದವರದ್ದು, ಮೊದಲು ತಿಂಗಳು ಓದಿ ಆಮೇಲೆ ದಿನ ಓದುತ್ತಿತ್ತು. ನಮ್ಮ ಮೇ ಮೂರು ಅದಕ್ಕೆ ಮಾರ್ಚ್ ಐದು. ಇಪ್ಪತ್ತೊಂದನೇ ತಾರೀಖು ಸಿಕ್ಕಿದರೆ ಇಪ್ಪತ್ತೊಂದನೇ ತಿಂಗಳು ಎಲ್ಲಿದೆ ಎಂದು ನಿಂತುಬಿಡುತ್ತಿತ್ತು. ಮುರಳಿ ಅದನ್ನು ನಿಲ್ಲಗೊಡಲಿಲ್ಲ. ತಾರೀಖು ಅರ್ಥವಾಗದಿದ್ದರೆ ಇವತ್ತಿನ ತಾರೀಖು ಹಾಕಿಕೋ ಎಂದು ಎರಡು ಸಾಲು ಸೇರಿಸಿದ. ಎರರ್ ಮಾಯವಾಯಿತು. ಆ ಹಸುಗಳೆಲ್ಲ ದಿನಾ ಬೆಳಿಗ್ಗೆ ಹೊಸದಾಗಿ ಸೂಜಿ ಹಾಕಿಸಿಕೊಂಡವು.

ಮೊದಲು ಪೆಟ್ಟು ತಿಂದವನು ರೈತ ಶ್ರೀರಾಮಪ್ಪ; ಆ ಮೇ ಮೂರು ಅವನ ಹಸುವಿನದು. ಕರು ಹಾಕುವ ದಿನ ಹತ್ತಿರ ಬಂತೆಂಬ ಮೆಸೇಜು ನಂಬಿ, ಚೆನ್ನಾಗಿ ಕರೆಯುತ್ತಿದ್ದ ಹಸುವನ್ನು, ಈಯುವ ಮುಂಚೆ ಮಾಡುವಂತೆ, ಕರೆಯದೆ ಬತ್ತಿಸಿದ. ಹಸು ಇನ್ನೂ ಎರಡು ತಿಂಗಳು ಹಿಂಡಿ ತಿಂದುಕೊಂಡು ಆರಾಮಾಗಿ ಮಲಗಿತ್ತು. ಕೇಳಲು ಬಂದವನಿಗೆ ಮುರಳಿ, ನೀವೇ ತಾರೀಖು ತಪ್ಪು ಬರೆಸಿದ್ದೀರಿ ಎಂದು ಗದರಿ ಕಳಿಸಿದ.

ಆಮೇಲೆ ಮುರಳಿಯ ಸ್ವಂತ ಮನೆಯ ಸರದಿ. ತಾಯಿ ಮುನಿಗಂಗಮ್ಮನಿಗೆ ಹಸುವಿನ ಕೆಚ್ಚಲು ನೋಡಿ ದಿನ ತುಂಬಿತೇನೋ ಎಂದು ಅನುಮಾನ ಬಂದಿತ್ತು. ಕಂಪ್ಯೂಟರ್ ಹೇಳದೆ ಯಾವ ಹಸುವೂ ಈಯುವುದಿಲ್ಲ ಎಂದು ಮಗ ಬಾಯಿ ಮುಚ್ಚಿಸಿದ್ದ. ಮೇಯಲು ಹೊಡೆದುಕೊಂಡು ಹೋದಾಗ ಹಿಪ್ಪುನೇರಳೆ ತೋಟದ ಬದುವಿನಲ್ಲೇ ಹಸು ಕರು ಹಾಕಿತು. ಪಕ್ಕದ ಹೊಲದ ಗಂಗಾಲಕ್ಷ್ಮಿ ಓಡಿ ಬಂದು ಕರು ಎಳೆದುಕೊಳ್ಳದಿದ್ದರೆ ಅದು ಉಳಿಯುತ್ತಿರಲಿಲ್ಲ.

ಸುದ್ದಿ ತಿಳಿದು ಬಂದ ಮುರಳಿ ಕರುವನ್ನು ನೋಡುವ ಮೊದಲು ಫೋನ್ ನೋಡಿದ.

"ಇನ್ನೂ ಒಂಬತ್ತು ತಿಂಗಳು ಇದೆಯಲ್ಲಮ್ಮ," ಎಂದ.

ಮುನಿಗಂಗಮ್ಮ ಸೆರಗಿನಿಂದ ಕರುವಿನ ಮೂತಿ ಒರೆಸುತ್ತಿದ್ದಳು. "ಏಮಿರಾ, ಹಂಗಾದ್ರೆ ಇದನ್ನ ವಾಪಸ್ ಒಳಕ್ಕೆ ಕಳಿಸ್ಲಾ?"

ಗಂಗಾಲಕ್ಷ್ಮಿ ನಕ್ಕಳು. ಸಂಜೆಯೊಳಗೆ ಊರೂ ನಕ್ಕಿತು.

ಮಾರನೇ ದಿನ ಶೋಭಾರಾಣಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಎರಡು ಸಾಲು ತೋರಿಸಿ, ಇದೇನು ಎಂದು ಕೇಳಿದರು.

"ಎರರ್ ಬರಬಾರದು ಅಂತಾನೇ ಹಾಕಿದ್ದು ಮೇಡಂ."

"ಬರಬೇಕಿತ್ತು ಕಣೋ."

ಅವರೆದುರಿಗೇ ಅವನು ಸಾಲುಗಳನ್ನು ಅಳಿಸಿದ. ಮೊದಲು ದಿನ, ಆಮೇಲೆ ತಿಂಗಳು, ಆಮೇಲೆ ವರ್ಷ ಎಂದು ಕೋಡಿಗೆ ಬಿಡಿಸಿ ಹೇಳಿದ. ಅರ್ಥವಾಗದ ತಾರೀಖು ಬಂದರೆ ನಿಂತು ಕೂಗಬೇಕು ಎಂದೂ ಬರೆದ. ಪರದೆಯ ಮೇಲೆ ಕೆಂಪು ಸಾಲುಗಳು ಸುರಿದವು. ಕೈಬರಹ ನೋಡಿ ತಪ್ಪಾಗಿ ಏರಿಸಿದ್ದ ತಾರೀಖುಗಳನ್ನು ಸರಿಮಾಡಲು ಅವನು ವಾರವಿಡೀ ಮನೆಮನೆ ಸುತ್ತಿದ. ಹೋದಲ್ಲೆಲ್ಲ ಮೊದಲು ಕರುವಿನ ಯೋಗಕ್ಷೇಮ ಕೇಳುತ್ತಿದ್ದರು.

ಶ್ರೀರಾಮಪ್ಪನಿಗೆ ಕ್ಷಮೆ ಕೇಳಬೇಕೆಂದು ಶೋಭಾರಾಣಿ ಹೇಳಿದ್ದರು. ಮುರಳಿ ಕೇಳಿದ, ಮೆಸೇಜಿನಲ್ಲಿ. ತಾಂತ್ರಿಕ ಕಾರಣಗಳಿಂದಾಗಿ ತಮ್ಮ ಹಸುವಿಗೆ ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಎಂದಿತ್ತು.