ಒಂಬತ್ತನೆಯ ಫಾರಂ

ನಮ್ಮ ಸೋದರತ್ತೆಗೆ ಅಚ್ಚುಕೂಟದಲ್ಲಿ ದಬ್ಬಣಮ್ಮ ಎಂದು ಹೆಸರು. ಮೂವತ್ತನಾಲ್ಕು ವರ್ಷ ಅವಳು ಒಂದೇ ಮೇಜಿನ ಮುಂದೆ ನಿಂತು ಪುಸ್ತಕ ಹೊಲಿದಿದ್ದಾಳೆ. ಅಚ್ಚಾದ ದೊಡ್ಡ ಹಾಳೆಯನ್ನು ಮೂಳೆಯ ಪಟ್ಟಿಯಿಂದ ಒತ್ತಿ ಮಡಿಸಿದರೆ ಹದಿನಾರು ಪುಟದ ಒಂದು ಮಡಿಕೆಯಾಗುತ್ತದೆ. ಅದಕ್ಕೆ ಫಾರಂ ಎನ್ನುತ್ತಾರೆ. ಫಾರಂಗಳನ್ನು ಮೇಜಿನ ಸುತ್ತ ಸಾಲಾಗಿ ಗುಡ್ಡೆ ಹಾಕಿ, ಸುತ್ತು ಬರುತ್ತ ಒಂದೊಂದು ಗುಡ್ಡೆಯಿಂದ ಒಂದೊಂದನ್ನು ಎತ್ತಿ ಕೈಮೇಲೆ ಪೇರಿಸಿಕೊಂಡರೆ, ಸುತ್ತು ಮುಗಿಯುವಾಗ ಒಂದು ಪುಸ್ತಕ. ಪ್ರತಿ ಫಾರಂನ ಮೊದಲ ಪುಟದ ಅಡಿಯಲ್ಲಿ ಅದರ ಸಂಖ್ಯೆ ಸಣ್ಣದಾಗಿ ಇರುತ್ತದೆ. ಎತ್ತುವಾಗಲೇ ಅತ್ತೆ ಹೆಬ್ಬೆರಳಿನಿಂದ ಆ ಮೂಲೆಯನ್ನು ಸರಿಸಿ ನೋಡುತ್ತಾಳೆ. ಹಾಗಾಗಿ ಇಷ್ಟು ವರ್ಷದಲ್ಲಿ ಅವಳ ಕೈಯಿಂದ ಫಾರಂ ತಪ್ಪಿದ ಪುಸ್ತಕ ಒಂದೇ ಒಂದು ಹೊರಗೆ ಹೋಗಿದೆ. ಊರಿನ ಘನವಂತರು ಅವಳನ್ನು ಇಂದಿಗೂ ಕ್ಷಮಿಸದಿರುವುದು ಆ ಒಂದಕ್ಕೆ.

ಅತ್ತೆ ಇದ್ದದ್ದು ದುಡಿಯುವ ಹೆಂಗಸರ ವಸತಿಗೃಹದಲ್ಲಿ. ಒಂದು ಟ್ರಸ್ಟ್ ಅದನ್ನು ನಡೆಸುತ್ತದೆ. ಕೋಣೆಗೆ ಎಂಟು ಹಾಸಿಗೆ, ಹಾಸಿಗೆಗೊಂದು ಕಬ್ಬಿಣದ ಪೆಟ್ಟಿಗೆ, ಎಂಟು ಜನಕ್ಕೆ ಒಂದು ಕನ್ನಡಿ. ಕಿಟಕಿ ಪಕ್ಕದ ಆರನೆಯ ಹಾಸಿಗೆ ಅತ್ತೆಯದು, ಇಪ್ಪತ್ತೆರಡು ವರ್ಷದಿಂದ. ಗಂಡ ಬಿಟ್ಟುಹೋದ ಮೇಲೆ ತಮ್ಮನ ಮನೆಗೆ, ಅಂದರೆ ನಮ್ಮ ಮನೆಗೆ, ಒಂದು ಚೀಲ ಹಿಡಿದು ಬಂದಿದ್ದಳಂತೆ. ಅಪ್ಪ ಬಾಗಿಲಲ್ಲೇ ನಿಂತು, "ಎರಡು ಕೋಣೆ ಮನೆ ಅಕ್ಕ, ನೀನೇ ನೋಡು, ಕಾಲಿಡೋಕೆ ಜಾಗ ಎಲ್ಲಿದೆ?" ಅಂದನಂತೆ. ಅತ್ತೆ ನೋಡಿದಳು, ಚಹಾ ಕುಡಿದಳು, ಹೋದಳು. ಅಪ್ಪ ಇದನ್ನು ತನ್ನ ನೇರ ಮಾತಿಗೆ ಉದಾಹರಣೆಯಾಗಿ ಹೇಳಿಕೊಳ್ಳುತ್ತಿದ್ದ.

ಟ್ರಸ್ಟಿಗೆ ಐವತ್ತು ತುಂಬಿತು. ನೆನಪಿಗೆ ಪುಸ್ತಕವೊಂದನ್ನು ತರಬೇಕೆಂದು ಅಧ್ಯಕ್ಷರಿಗೆ ಆಸೆಯಾಯಿತು. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಕಾದಂಬರಿಗಳೆಂದರೆ ಅವರಿಗೆ ಪ್ರಾಣ. ಆ ಕಾದಂಬರಿಗಳ ಬಡವರನ್ನು ನೆನೆದರೆ ಅವರ ಗಂಟಲು ಕಟ್ಟುತ್ತಿತ್ತು. ಆ ಬಡವರಿಂದ ತೊಂದರೆಯೂ ಇಲ್ಲ. ಸತ್ತು ನೂರು ವರ್ಷ ದಾಟಿರುವುದರಿಂದ ಯಾರೂ ಅರ್ಜಿ ಹಿಡಿದು ಬರುವುದಿಲ್ಲ. ದಿಕ್ಕಿಲ್ಲದ ಹೆಂಗಸರ ಅನಾಥಾಲಯದಲ್ಲಿದ್ದ ಅಗಸಗಿತ್ತಿಯೊಬ್ಬಳ ಕಥೆಯನ್ನು ಆರಿಸಿ, ನಿವೃತ್ತ ಮೇಷ್ಟರೊಬ್ಬರಿಂದ ನಮ್ಮ ಭಾಷೆಗೆ ಅನುವಾದ ಮಾಡಿಸಿದರು. ಮುನ್ನೂರು ಪ್ರತಿ, ಇಪ್ಪತ್ತೆರಡು ಫಾರಂ. ಮಿಕ್ಕ ಕಾಗದದಲ್ಲಿ, ಅದೇ ಅಕ್ಷರದಲ್ಲಿ, ಅದೇ ಅಳತೆಗೆ ವಸತಿಗೃಹದ ಹೊಸ ನಿಯಮಾವಳಿಯನ್ನೂ ಅಚ್ಚು ಹಾಕಿಸಿದರು. ಅದು ಒಂದೇ ಫಾರಂ.

ಹೊಲಿಯುವ ವಾರ ಮೇಜಿನ ಮೇಲೆ ಜಾಗವಿರಲಿಲ್ಲ. ನಿಯಮಾವಳಿಯ ಗುಡ್ಡೆಯನ್ನು ಅತ್ತೆ ಎಂಟನೆಯ ಮತ್ತು ಒಂಬತ್ತನೆಯ ಫಾರಂಗಳ ನಡುವೆ ಸ್ವಲ್ಪ ಹಿಂದಕ್ಕೆ ತಳ್ಳಿ ಇಟ್ಟಿದ್ದಳು. ಮುನ್ನೂರರಲ್ಲಿ ಕೊನೆಯದು ಅಧ್ಯಕ್ಷರ ಸ್ವಂತ ಪ್ರತಿ. ಅದಕ್ಕೆ ಚರ್ಮದ ಹೊದಿಕೆ, ಪುಟದ ಗುರುತಿಗೆ ಕೆಂಪು ರೇಷ್ಮೆ ನವಾರು. ಅನಾಥಾಲಯದ ನಿಯಮಗಳನ್ನು ಓದುವ ಪ್ರಸಂಗ ಬರುವುದು ಒಂಬತ್ತನೆಯ ಫಾರಂನ ಎರಡನೆಯ ಎಲೆಯಲ್ಲಿ. ಸಭೆಯಲ್ಲಿ ಅದನ್ನೇ ಓದುತ್ತೇನೆ, ನವಾರು ಅಲ್ಲಿಗೇ ಬರಲಿ ಎಂದು ಅಧ್ಯಕ್ಷರು ಹೇಳಿ ಕಳಿಸಿದ್ದರು.

ಆ ಪ್ರತಿಗೆಂದು ಎಂಟು ಫಾರಂ ಎತ್ತಿ ಕೈಮೇಲೆ ಇಟ್ಟುಕೊಂಡಿದ್ದಾಗ ವಸತಿಗೃಹದ ವಾರ್ಡನ್ ಒಳಗೆ ಬಂದರು.

"ದಬ್ಬಣಮ್ಮ, ಇಲ್ಲೊಂದು ಸಹಿ ಹಾಕ್ಬಿಡಿ."

"ಏನಮ್ಮಾ ಇದು?"

"ಹೊಸ ನಿಯಮ ಬಂತಲ್ಲ. ಐವತ್ತೆಂಟು ದಾಟಿದೋರು ಜಾಗ ಬಿಡ್ಬೇಕಂತೆ. ನಿಮ್ಗೆ ಈ ತಿಂಗಳ ಕೊನೇವರೆಗೂ ಟೈಮ್ ಕೊಟ್ಟಿದಾರೆ. ಅಯ್ಯೋ, ನಿಮ್ಗೆ ಗೊತ್ತಿರುತ್ತೆ ಅಂದ್ಕೊಂಡೆ. ನೀವೇ ಮಡಿಸಿದ್ದಲ್ವಾ?"

"ಮಡಿಸೋಳು ಓದ್ತಾ ನಿಂತ್ರೆ ನಿಮ್ಮ ಪುಸ್ತಕ ಬಂದ ಹಾಗೇ."

ಅತ್ತೆಗೆ ಆಗ ಐವತ್ತೊಂಬತ್ತು. ಕಾಗದ ಓದಿದಳು. ಸಹಿ ಹಾಕಿದಳು. ವಾರ್ಡನ್ ಹೋದ ಮೇಲೆ, ಎಂಟರ ಪಕ್ಕಕ್ಕೆ ಕೈ ಚಾಚಿ ಮುಂದಿನದನ್ನು ಎತ್ತಿದಳು. ಆ ಒಂದು ಸಲ ಹೆಬ್ಬೆರಳು ಮೂಲೆಯನ್ನು ಸರಿಸಲಿಲ್ಲ. ಎರಡನೆಯ ಎಲೆ ಎಣಿಸಿ ನವಾರು ಇಟ್ಟಳು, ಹತ್ತರಿಂದ ಮುಂದಿನವನ್ನು ಪೇರಿಸಿ ಹೊಲಿದಳು, ಅಂಟು ಹಚ್ಚಿದಳು. ಸಂಜೆ ಮೇಜು ಒರೆಸುವಾಗ ಒಂಬತ್ತನೆಯ ಫಾರಂ ಒಂದು ಉಳಿದಿತ್ತು. ಅಚ್ಚಿನವರು ಹೆಚ್ಚಿಗೆ ಕೊಟ್ಟಿರಬೇಕು ಎಂದುಕೊಂಡು ಚೀಲಕ್ಕೆ ಹಾಕಿಕೊಂಡಳು. ಹಾಸಿಗೆಯ ಚಿಂತೆಯಲ್ಲಿ ಅವಳಿಗೆ ಮತ್ತೇನೂ ಹೊಳೆಯಲಿಲ್ಲ.

ಸಮಾರಂಭದ ದಿನ ವೇದಿಕೆಯ ಹಿಂದೆ ದೊಡ್ಡ ಬ್ಯಾನರ್: 'ವಿಕ್ಟೋರಿಯಾ ಕಾಲದ ಕಾದಂಬರಿಗಳ ಸಾಮಾಜಿಕ ಟೀಕೆ ಮತ್ತು ಇಂದಿನ ಸಮಾಜ'. ಕಟ್ಟಿದವರು ಸರಿಯಾಗಿ ಬಿಡಿಸದೆ ಕೊನೆಯ ಎರಡು ಪದ ಮಡಿಕೆಯೊಳಗೆ ಸಿಕ್ಕಿಕೊಂಡಿದ್ದವು. ಅದು ಯಾರಿಗೂ ಕೊರತೆ ಅನ್ನಿಸಲಿಲ್ಲ. ಮುಂದಿನ ಸಾಲುಗಳಲ್ಲಿ ದಾನಿಗಳು, ಅವರ ಹೆಂಡತಿಯರು. ವಸತಿಗೃಹದ ಹೆಂಗಸರನ್ನು ಅರ್ಧ ದಿನ ರಜೆ ಹಾಕಿಸಿ ಕರೆತಂದು ಹಿಂದೆ ಕೂರಿಸಿದ್ದರು. ಅತ್ತೆ ಕೊನೆಯ ಸಾಲಿನಲ್ಲಿದ್ದಳು, ಪಕ್ಕದಲ್ಲಿ ನಾನು.

ಅಧ್ಯಕ್ಷರು ಚೆನ್ನಾಗಿ ಮಾತಾಡಿದರು. ಅವರು ಚೆನ್ನಾಗಿ ಮಾತಾಡದ ದಿನವೇ ಇಲ್ಲ. ಆ ಕಾಲದ ಶ್ರೀಮಂತರ ಕಲ್ಲುಮನಸ್ಸು, ದಾನದ ಹೆಸರಿನ ದರ್ಪ, ಲೇಖಕರ ಧೈರ್ಯ ಎಲ್ಲವೂ ಬಂದವು. ಆಮೇಲೆ ಕೆಂಪು ನವಾರು ಎಳೆದು ಪುಸ್ತಕ ಬಿಡಿಸಿದರು.

"ಆ ನರಕದ ನಿಯಮಗಳನ್ನು ಈಗ ಓದುತ್ತೇನೆ. ಹೃದಯ ಗಟ್ಟಿ ಮಾಡಿಕೊಳ್ಳಿ," ಎಂದು ಕನ್ನಡಕ ಏರಿಸಿದರು. "ಒಂದು. ಬೆಳಗಿನ ಗಂಟೆಯಾಗಿ ಹತ್ತು ನಿಮಿಷದೊಳಗೆ ಹಾಸಿಗೆ ಸುತ್ತಿಡದವರಿಗೆ ಅಂದಿನ ಉಪಾಹಾರವಿಲ್ಲ."

ಮುಂದಿನ ಸಾಲಿನಿಂದ ಲೊಚ್ ಎಂಬ ಸದ್ದು ಬಂತು.

"ಎರಡು. ದಾನಿಗಳು ಭೇಟಿ ಕೊಟ್ಟಾಗ ನಿವಾಸಿಗಳು ಎದ್ದುನಿಂತು ನಗುಮುಖದಿಂದ ಕೃತಜ್ಞತೆ ಸೂಚಿಸತಕ್ಕದ್ದು." ಅಧ್ಯಕ್ಷರು ತಲೆ ಎತ್ತಿದರು. "ಕೇಳಿದಿರಾ? ನಗುವಿಗೂ ಕಾನೂನು!"

ದಾನಿಗಳ ಹೆಂಡತಿಯರು ತಲೆ ಅಲ್ಲಾಡಿಸಿದರು. ಒಬ್ಬರು ಕರ್ಚೀಫ್ ತೆಗೆದರು. ಹಿಂದಿನ ಸಾಲುಗಳಲ್ಲಿ ಮಾತ್ರ ಯಾರೂ ಲೊಚಗುಟ್ಟಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆಯ ಬಲಗೈ ಹೆಬ್ಬೆರಳು ತೊಡೆಯ ಮೇಲೆ ಸೀರೆಯ ಮೂಲೆಯನ್ನು ಸರಿಸುತ್ತಿತ್ತು. "ಅಯ್ಯೋ ದೇವರೇ, ಒಂಬತ್ತು," ಎಂದಳು, ನನಗೆ ಮಾತ್ರ ಕೇಳುವಷ್ಟು.

"ಮೂರು. ಐವತ್ತೆಂಟು ವರ್ಷ ದಾಟಿದವರು, ದುಡಿಯುತ್ತಿದ್ದರೂ, ಹಾಸಿಗೆ ತೆರವು ಮಾಡತಕ್ಕದ್ದು. ಹೋಗಲು ಬೇರೆ ಜಾಗವಿಲ್ಲ ಎಂಬುದನ್ನು ಕಾರಣವಾಗಿ ಪರಿಗಣಿಸಲಾಗುವುದಿಲ್ಲ." ಅಧ್ಯಕ್ಷರು ಪುಸ್ತಕ ಕೆಳಗಿಟ್ಟರು. ನೀರು ಕುಡಿದರು. "ಮುದುಕಿಯರನ್ನು ಬೀದಿಗೆ ತಳ್ಳುವ ಇಂಥ ಮೃಗಗಳು ಒಂದು ಕಾಲಕ್ಕೆ ಇದ್ದರು, ಸಭಿಕರೇ! ಅವರ ನಡುವೆ ಹುಟ್ಟದ ನಾವು ಪುಣ್ಯವಂತರು."

ಚಪ್ಪಾಳೆ ಬಿತ್ತು. ಮೊದಲ ಸಾಲಿನಲ್ಲಿದ್ದ ಕಾರ್ಯದರ್ಶಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ನಿಯಮಾವಳಿ ಬರೆದವನು ಅವನೇ. ಅಧ್ಯಕ್ಷರು ಓದದೆ ಸಹಿ ಹಾಕಿದ್ದರು. ಕಾರ್ಯದರ್ಶಿ ಕೆಮ್ಮಿದ, ಕೈ ಆಡಿಸಿದ. ಮೆಚ್ಚುಗೆ ಎಂದುಕೊಂಡು ಅಧ್ಯಕ್ಷರು ಅವನಿಗೂ ತಲೆದೂಗಿ ಮುಂದುವರಿಸಿದರು.

"ನಾಲ್ಕು. ನಿವಾಸಿಗಳು ತಮ್ಮ ಮೊಬೈಲ್ ಫೋನ್‌ಗಳನ್ನು ಕೊಠಡಿಯಲ್ಲಿ ಚಾರ್ಜ್..."

ಅಲ್ಲಿಗೆ ನಿಂತರು. ಸಭೆಯ ಲೊಚಲೊಚವೂ ನಿಂತಿತು. ಕರ್ಚೀಫ್ ತೆಗೆದ ಹೆಂಗಸು ಮಾತ್ರ ರೂಢಿಗೆ ಇನ್ನೊಂದು ಲೊಚ್ ಹಾಕಿದರು. ಅಧ್ಯಕ್ಷರು ಹಿಂದಿನ ಪುಟ ತಿರುವಿದರು, ಮುಂದಿನ ಪುಟ ತಿರುವಿದರು, ಕೊನೆಗೆ ನಕ್ಕರು.

"ನಮ್ಮ ಅನುವಾದಕರು ತುಸು ಸ್ವಾತಂತ್ರ್ಯ ತೆಗೆದುಕೊಂಡಿದ್ದಾರೆ ಅಂತ ಕಾಣುತ್ತೆ. ಮೇಷ್ಟ್ರಿಗೆ ವಯಸ್ಸಾಯಿತು."

ಎಲ್ಲರೂ ನಕ್ಕರು. ಎರಡು ವರ್ಷ ಕೂತು ಅನುವಾದ ಮಾಡಿದ ಮೇಷ್ಟರು ಅರ್ಧ ಎದ್ದು, ಸುತ್ತ ನಗುತ್ತಿದ್ದವರನ್ನು ನೋಡಿ ಮತ್ತೆ ಕೂತರು.

ಅತ್ತೆ ಎದ್ದಳು. ಸುಮ್ಮನಿದ್ದಿದ್ದರೆ ಅವಳ ಹೆಸರು ಬರುತ್ತಿರಲಿಲ್ಲ. ಹಾಸಿಗೆಗಾಗಿ ಅಧ್ಯಕ್ಷರ ಮನೆಗೆ ಹೋಗಿ ಕೇಳಿಕೊಳ್ಳಬೇಕೆಂದು ಮರುದಿನಕ್ಕೆ ಸೀರೆಯನ್ನೂ ಒಗೆದು ಇಟ್ಟಿದ್ದಳು. ಆದರೆ ತನ್ನ ಮೇಜಿನ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿ ಅವಳಿಗೆ ಅಭ್ಯಾಸವಿರಲಿಲ್ಲ.

"ಸಾರ್, ತಪ್ಪು ಮೇಷ್ಟ್ರದ್ದಲ್ಲ. ನಂದು. ಫಾರಂ ತಪ್ಪಿದೆ."

"ಯಾರಮ್ಮ ಅದು?"

"ಹೊಲಿದೋಳು. ಒಂಬತ್ತನೇ ಫಾರಂ ಬದ್ಲು ನಮ್ಮ ಹಾಸ್ಟೆಲ್ ನಿಯಮದ ಫಾರಂ ಸೇರಿಸಿಬಿಟ್ಟಿದೀನಿ. ನೀವು ಓದಿದ್ದು ಕಾದಂಬರಿ ಅಲ್ಲ ಸಾರ್. ಮೊನ್ನೆ ನೀವು ಸಹಿ ಹಾಕಿದ್ದು. ಪುಸ್ತಕ ಈ ಕಡೆ ಕೊಡಿ, ಬಿಚ್ಚಿ ಸರಿ ಮಾಡಿ ಕೊಡ್ತೀನಿ."

ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಎಷ್ಟು ಸಲ ನೆನೆಸಿಕೊಂಡರೂ ನನಗೆ ಹಾಗೆ ಕೇಳಿಸಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ಭುಜ ಕುಣಿಸತೊಡಗಿದರು.

ಮುಂದೆ ಏನಾಗಬೇಕಿತ್ತು? ಐದು ನಿಮಿಷದ ಹಿಂದೆ ಮುದುಕಿಯರಿಗಾಗಿ ಮರುಗಿದ ನೂರು ಜನ ಅಲ್ಲೇ ಕೂತಿದ್ದರು. ಮುದುಕಿ ಎದುರಿಗೇ ನಿಂತಿದ್ದಳು. ಒಬ್ಬರಾದರೂ ಆ ಮೂರನೆಯ ನಿಯಮ ಏನಾಯಿತು ಎಂದು ಕೇಳಬಹುದಿತ್ತು. ಕೇಳಲಿಲ್ಲ. ಅವರ ಸಿಟ್ಟೆಲ್ಲ ಬೈಂಡಿಂಗಿನ ಮೇಲೆ ತಿರುಗಿತು. "ಎಂಥ ಬೇಜವಾಬ್ದಾರಿ," ಎಂದರು ಒಬ್ಬರು. "ಈಗಿನವರಿಗೆ ಕೆಲಸದಲ್ಲಿ ಶ್ರದ್ಧೆಯೇ ಇಲ್ಲ," ಎಂದರು ಕರ್ಚೀಫಿನವರು. ಚಹಾ ಬರುವ ಹೊತ್ತಿಗೆ ಅಗಸಗಿತ್ತಿಯ ಮೇಲಿನ ಕರುಣೆ ಅವರಿಗೆ ಮತ್ತೆ ಹಿಂದಿನಷ್ಟೇ ಹಿತವಾಗಿತ್ತು. ಆ ಕಾದಂಬರಿ ಬರೆದವನು ಯಾರನ್ನು ಬೈದಿದ್ದನೋ ಅವರೇ ಸಾಲಾಗಿ ಕೂತು ಅವನಿಗೆ ಚಪ್ಪಾಳೆ ತಟ್ಟಿ, ಬಿಸ್ಕತ್ತು ತಿಂದು ಎದ್ದರು.

ಎರಡು ದಿನ ಬಿಟ್ಟು ಕಾರ್ಯದರ್ಶಿ ಅಚ್ಚುಕೂಟಕ್ಕೆ ಬಂದ. ಬಿಚ್ಚಿ ಸರಿಮಾಡಲು ಅಧ್ಯಕ್ಷರ ಪ್ರತಿಯನ್ನೂ ತಂದಿದ್ದ.

"ನೋಡಿ ದಬ್ಬಣಮ್ಮ, ಅಧ್ಯಕ್ಷರ ಮನಸ್ಸು ದೊಡ್ಡದು. ಕ್ಷಮೆ ಕೇಳಿ ನಾಲ್ಕು ಸಾಲು ಬರ್ಕೊಡಿ. ನಿಮ್ಮ ಹಾಸಿಗೆ ವಿಷಯ ವಿಶೇಷ ಪ್ರಕರಣ ಅಂತ ಮಾಡೋಣ."

"ಉಳಿದೋರು? ನಮ್ಮ ಕೋಣೇಲೇ ಇನ್ನಿಬ್ಬರಿದಾರೆ."

"ಅವರ ಮಾತು ಯಾಕೆ? ನಿಮ್ಮದು ನೀವು ನೋಡ್ಕೊಳ್ಳಿ."

ಅತ್ತೆ ಕೈಯ ಅಂಟು ತೊಳೆದು, ಒಂದು ಹಾಳೆಯ ಮೇಲೆ ನಿಧಾನವಾಗಿ ಬರೆದು ಕೊಟ್ಟಳು. 'ಒಂಬತ್ತನೆಯ ಫಾರಂ ಇರಬೇಕಾದ ಕಡೆ ನಿಯಮಾವಳಿಯ ಫಾರಂ ಸೇರಿದ್ದು ನನ್ನ ತಪ್ಪು. ಅದಕ್ಕೆ ಕ್ಷಮೆ ಕೇಳುತ್ತೇನೆ. ಎರಡಕ್ಕೂ ವ್ಯತ್ಯಾಸ ತಿಳಿಯದೆ ಓದಿದ್ದು ನನ್ನ ತಪ್ಪಲ್ಲ.'

ಕಾರ್ಯದರ್ಶಿ ಓದಿ ಹುಬ್ಬು ಗಂಟಿಕ್ಕಿದ. "ಕೊನೇ ಸಾಲು ತೆಗೀರಿ."

"ಒಂದೇ ದಾರದ ಹೊಲಿಗೆ ಸ್ವಾಮಿ. ಅದನ್ನ ತೆಗೆದ್ರೆ ಮೇಲಿಂದೂ ಬಿಚ್ಚಿಕೊಳ್ಳುತ್ತೆ."

"ಹಾಸಿಗೆ ಬೇಡ್ವಾ ನಿಮ್ಗೆ?"

"ಬೇಕಿತ್ತು. ಅದರ ಮೇಲೆ ಮಲಗೋಕೆ ದಿನಾ ನಿಮ್ಮ ಮುಖ ನೋಡಿ ನಗಬೇಕು ಅಂತ ನಿಯಮದಲ್ಲಿದೆಯಲ್ಲ. ಅದು ನನ್ನ ಕೈಲಾಗಲ್ಲ."

ತಿಂಗಳ ಕೊನೆಯವರೆಗೆ ಅವಳು ಕಾಯಲಿಲ್ಲ. ಕಬ್ಬಿಣದ ಪೆಟ್ಟಿಗೆ ಆಟೋದಲ್ಲಿ ನಮ್ಮ ಮನೆಗೆ ಬಂತು. ಅಪ್ಪ ಮತ್ತೆ ಬಾಗಿಲಲ್ಲಿ ನಿಂತು, "ಜಾಗ..." ಎಂದು ಶುರು ಮಾಡಿದ. ಅತ್ತೆ ಅವನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋಗಿ, ಕಿಟಕಿ ಕೆಳಗಿದ್ದ ಕೆಟ್ಟ ಟಿವಿಯ ಪೆಟ್ಟಿಗೆಯನ್ನೂ ಹಳೆಯ ಪೇಪರುಗಳ ಗಂಟನ್ನೂ ಎತ್ತಿ ಹೊರಗಿಟ್ಟಳು. ಆಮೇಲೆ ನಾನು ಆ ಜಾಗ ಅಳೆದೆ: ಆರೂವರೆ ಅಡಿ ಉದ್ದ, ಮೂರಡಿ ಅಗಲ. ಇಪ್ಪತ್ತೆರಡು ವರ್ಷದಿಂದಲೂ ಅಷ್ಟೇ ಇತ್ತು. ಟ್ರಸ್ಟಿನವರನ್ನು ಬೈಯಲು ಅಪ್ಪನಿಗೆ ಈಗ ಬಹಳ ಉತ್ಸಾಹ. ಅತ್ತೆ ಅವನ ಬೈಗುಳ ಕೇಳಿಸಿಕೊಳ್ಳುವುದಿಲ್ಲ.

ಮೊದಲ ಭಾನುವಾರ ಅವಳು ಚೀಲದಿಂದ ಉಳಿದಿದ್ದ ಒಂಬತ್ತನೆಯ ಫಾರಂ ತೆಗೆದಳು. ಕಾರ್ಯದರ್ಶಿ ಬಿಟ್ಟುಹೋಗಿದ್ದ ಅಧ್ಯಕ್ಷರ ಪ್ರತಿಯನ್ನು ಬಿಚ್ಚಿ, ಅದನ್ನು ಅದರ ಜಾಗಕ್ಕೆ ಹೊಲಿಯುವ ಮೊದಲು ಕಿಟಕಿ ಕೆಳಗೆ ಕೂತು ಎರಡನೆಯ ಎಲೆ ಓದಿದಳು. ಅಗಸಗಿತ್ತಿಯ ಅನಾಥಾಲಯದ ನಿಜವಾದ ನಿಯಮಗಳು ಅಲ್ಲಿದ್ದವು. ಒಂದು ಸಾಲಿನ ಮೇಲೆ ಬೆರಳಿಟ್ಟು, "ಇಲ್ಲಿ ಬಾ, ಇದನ್ನ ಓದು. ನಂಗೆ ಕಣ್ಣು ಸರಿ ಕಾಣ್ತಿದೆಯೋ ಇಲ್ವೋ," ಎಂದಳು.

ಸರಿಯಾಗಿಯೇ ಕಂಡಿತ್ತು. ನೂರೈವತ್ತು ವರ್ಷದ ಹಿಂದಿನ ಆ ಮೃಗಗಳು ಮುದುಕಿಯರನ್ನು ಹೊರಗೆ ಹಾಕುತ್ತಿದ್ದದ್ದು ಅರವತ್ತೈದು ದಾಟಿದ ಮೇಲೆ.

"ಅಲ್ಲಿದ್ದಿದ್ರೆ ಇನ್ನೂ ಆರು ವರ್ಷ ಇರ್ತಿದ್ದೆ ನೋಡು," ಎಂದು ಅತ್ತೆ ದಾರಕ್ಕೆ ಮೇಣ ಸವರಿದಳು.